ಮನ್ಯಸೀಮೆಯ ಎರಡು ಕಾನೂನುಗಳು

ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ರೈಲಿನಲ್ಲಿ ಹೋಗುವವರಿಗೆ, ಗೋದಾವರಿಯನ್ನು ದಾಟಿ ಬತ್ತದ ಬಯಲುಗಳೂ ಕಾಲುವೆಗಳೂ ಹಿಂದೆ ಸರಿದ ಬಳಿಕ, ಎಡಗಡೆಯ ದಿಗಂತದಲ್ಲಿ ಪೂರ್ವಘಟ್ಟಗಳ ನೀಲಶ್ರೇಣಿಯು ಗೋಚರವಾಗುತ್ತದೆ. ತೆಲುಗರು ಮನ್ಯವೆಂದೂ ಬ್ರಿಟಿಷರ ದಫ್ತರಗಳು ಏಜೆನ್ಸಿಯೆಂದೂ ಕರೆದ ಈ ಗಿರಿಪ್ರದೇಶವು ಜನನಿಬಿಡವಾದ ಕರಾವಳಿಗೆ ಅಷ್ಟು ಸಮೀಪವಿದ್ದೂ ಬಹುಕಾಲ ಅದಕ್ಕೆ ಅಪರಿಚಿತವಾಗಿಯೇ ಉಳಿದಿದ್ದಿತು. ಚಿಂತಪಲ್ಲಿಯ ಬಳಿಯ ಲಂಬಸಿಂಗಿಯಲ್ಲಿ ಹೇಮಂತದ ರಾತ್ರಿಗಳಲ್ಲಿ ಉಷ್ಣತೆಯು ಶೂನ್ಯದ ಸಮೀಪಕ್ಕೆ ಇಳಿಯುವುದುಂಟು. ಕಾಡಿನ ಚಳಿಜ್ವರಕ್ಕೆ ಅಂಜಿ ಬಯಲಿನವರು ಇತ್ತ ಕಾಲಿಡಲು ಹಿಂಜರಿಯುತ್ತಿದ್ದರು. ಬಗತ, ಕೊಂಡದೊರ, ಖೋಂದ, ಪೊರ್ಜ, ಗದಬ, ಕೊಂಡರೆಡ್ಡಿ ಮೊದಲಾದ ಜನರು ಅಲ್ಲಲ್ಲಿ ಚದುರಿದ ಸಣ್ಣ ಹಳ್ಳಿಗಳಲ್ಲಿ ವಾಸಿಸುತ್ತ, ಪೋಡು ಬೇಸಾಯವನ್ನು, ಎಂದರೆ ನಮ್ಮ ಮಲೆನಾಡಿನ ಕುಮರಿಯನ್ನು, ಅವಲಂಬಿಸಿದ್ದರು: ಇಳಿಜಾರಿನ ಕಾಡನ್ನು ಕಡಿದು ಸುಟ್ಟು, ಬೂದಿಯಲ್ಲಿ ರಾಗಿ ಸಾಮೆಗಳನ್ನು ಬಿತ್ತಿ, ಕೆಲವು ಬೆಳೆಗಳ ತರುವಾಯ ಆ ನೆಲವನ್ನು ಮರಳಿ ಕಾಡಿಗೇ ಒಪ್ಪಿಸಿಬಿಡುವುದು ಅವರ ಪದ್ಧತಿ.

ಈ ಸೀಮೆಯ ವಿಷಯದಲ್ಲಿ ಆಂಗ್ಲ ಪ್ರಭುತ್ವವು ಎರಡು ಪರಸ್ಪರ ವಿರುದ್ಧವಾದ ಮಾರ್ಗಗಳನ್ನು ಹಿಡಿಯಿತು. 1839ರ 24ನೆಯ ಕಾಯಿದೆಯು ಗಂಜಾಂ ಮತ್ತು ವಿಶಾಖಪಟ್ಟಣ ಜಿಲ್ಲೆಗಳ ಗಿರಿಭಾಗಗಳನ್ನು ಸಾಮಾನ್ಯ ನ್ಯಾಯಾಲಯಗಳ ಅಧಿಕಾರದಿಂದ ಹೊರಗಿಟ್ಟು, ಕಲೆಕ್ಟರನನ್ನೇ ಗವರ್ನರನ ಏಜೆಂಟನನ್ನಾಗಿ ಮಾಡಿ, ಜನರನ್ನು ಪ್ರತ್ಯೇಕವಾಗಿ ಆಳುವ ಕ್ರಮವನ್ನು ಸ್ಥಾಪಿಸಿತು. 1882ರ ಮದರಾಸು ಅರಣ್ಯ ಕಾಯಿದೆಯಾದರೋ ವೃಕ್ಷಗಳನ್ನು ಸರ್ಕಾರದ ಸ್ವತ್ತೆಂದು ಎಣಿಸಿ, ಪೋಡನ್ನೂ ಮೇವು ಸೌದೆಗಳ ಸಂಗ್ರಹವನ್ನೂ ಅಪರಾಧದ ಅಂಚಿಗೆ ತಳ್ಳಿತು. ಇತ್ತ ಗೋದಾವರಿಯ ದಡದ ಕೊಂಡರೆಡ್ಡಿಗಳು ವ್ಯಾಪಾರಿಗಳ ಸಾಲಕ್ಕೆ ಸಿಲುಕಿ ಮರಗಳನ್ನು ಕಡಿದು ನದಿಗೆ ಇಳಿಸುತ್ತಿದ್ದುದನ್ನು, 1940ರ ದಶಕದ ಆರಂಭದಲ್ಲಿ ಅವರ ನಡುವೆ ಇದ್ದು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಫ್ಯೂರರ್ ಹೈಮೆನ್‌ಡಾರ್ಫ್ ದಾಖಲಿಸಿದ್ದಾರೆ. ಹೊಟ್ಟೆಪಾಡಿಗಾಗಿ ಕಡಿದರೆ ಅಪರಾಧ, ಮಾರುಕಟ್ಟೆಗಾಗಿ ಕಡಿದರೆ ಉದ್ಯಮ ಎಂಬ ಈ ವಿಪರೀತ ನ್ಯಾಯವನ್ನು ಗಿರಿಜನರು ಮೌನವಾಗಿ ಸಹಿಸಲಿಲ್ಲ.

ಅರಣ್ಯ ಕಾಯಿದೆಗೂ ಮುನ್ನವೇ, ಹೆಂಡದ ಮೇಲಿನ ತೆರಿಗೆಯೂ ಸ್ಥಳೀಯ ಒಡೆಯನಾದ ಮನಸಬುದಾರನ ಸುಲಿಗೆಯೂ ಸೇರಿ 1879ರಲ್ಲಿ ಈ ಸೀಮೆಯ ರಂಪದಲ್ಲಿ ದಂಗೆಯನ್ನು ಹೊತ್ತಿಸಿದ್ದವು. ಅರಣ್ಯ ನಿರ್ಬಂಧಗಳೂ, ನರಸೀಪಟ್ಟಣದ ಕಡೆಯಿಂದ ಬೆಟ್ಟವನ್ನೇರುವ ರಸ್ತೆಗಾಗಿ ಮಾಡಿಸಿದ ಬಲಾತ್ಕಾರದ ದುಡಿಮೆಯೂ ಸೇರಿ 1922ರಲ್ಲಿ ಗೂಡೆಂ ಬೆಟ್ಟಗಳು ಮತ್ತೆ ಎದ್ದವು. ಅಲ್ಲೂರಿ ಸೀತಾರಾಮರಾಜುವಿನ ನೇತೃತ್ವದಲ್ಲಿ ಆ ವರ್ಷದ ಆಗಸ್ಟ್ 22ರಿಂದ ಮೂರು ದಿನಗಳಲ್ಲಿ ಚಿಂತಪಲ್ಲಿ, ಕೃಷ್ಣದೇವಿಪೇಟೆ, ರಾಜವೊಮ್ಮಂಗಿಗಳ ಪೊಲೀಸ್ ಠಾಣೆಗಳ ಬಂದೂಕುಗಳು ದಂಗೆಗಾರರ ವಶವಾದವು. 1924ರ ಮೇ 7ರಂದು ರಾಜುವನ್ನು ಹಿಡಿದು ಗುಂಡಿಕ್ಕಿ ಕೊಂದ ಮೇಲೆ ದಂಗೆ ಅಡಗಿತು. ದಂಗೆಯ ಕಾರಣಗಳು ಮಾತ್ರ ಅಡಗಲಿಲ್ಲ.

ಅಲ್ಲಿಂದ ಮುಂದೆಯೂ ನೆಲದ ರಕ್ಷಣೆ ಮತ್ತು ಕಾಡಿನ ರಕ್ಷಣೆ ಬೇರೆ ಬೇರೆ ದಾರಿಗಳಲ್ಲಿಯೇ ನಡೆದವು. ಗಿರಿಜನರ ಭೂಮಿ ಪರರ ಪಾಲಾಗದಂತೆ 1917ರಲ್ಲಿ ಮಾಡಿದ ಕಾಯಿದೆಯು 1959ರ ನಿಬಂಧನೆಯಿಂದಲೂ 1970ರ ತಿದ್ದುಪಡಿಯಿಂದಲೂ ಬಿಗಿಯಾಯಿತು. ಅನಂತಗಿರಿ ಮಂಡಲದ ಬೊರ್ರಾ ಪ್ರದೇಶದ ಗಣಿಗುತ್ತಿಗೆಗಳನ್ನು ಸಮತಾ ಎಂಬ ಸಂಸ್ಥೆಯು ಪ್ರಶ್ನಿಸಿದಾಗ, ಸರ್ಕಾರವೂ ಒಬ್ಬ ವ್ಯಕ್ತಿಯೇ, ಆದುದರಿಂದ ಅನುಸೂಚಿತ ಪ್ರದೇಶದಲ್ಲಿ ತನ್ನ ಭೂಮಿಯನ್ನೂ ಗಿರಿಜನೇತರರಿಗೆ ಗುತ್ತಿಗೆ ಕೊಡಲಾಗದು ಎಂದು ಸುಪ್ರೀಂ ಕೋರ್ಟು 1997ರಲ್ಲಿ ತೀರ್ಪಿತ್ತಿತು. ಇನ್ನೊಂದೆಡೆ, ಕಾಟಿಗಳೂ ಕೊಂಡರೆಡ್ಡಿಗಳೂ ಒಟ್ಟಿಗೆ ಬದುಕಿದ ಪಾಪಿಕೊಂಡಗಳು 1978ರಲ್ಲಿ ಅಭಯಾರಣ್ಯವೂ 2008ರಲ್ಲಿ ರಾಷ್ಟ್ರೀಯ ಉದ್ಯಾನವೂ ಆದವು.

ಕಾಡನ್ನೂ ಕಾಡಿನವರನ್ನೂ ಒಂದೇ ಕಾನೂನಿನೊಳಗೆ ತರಲು ಅಸಾಧ್ಯವೇನೂ ಇರಲಿಲ್ಲ. ಉತ್ತರಧ್ರುವ ಪ್ರದೇಶದ ಅಂಚಿನ ಅಲಾಸ್ಕದಲ್ಲಿ ಅಮೆರಿಕದ ಸರ್ಕಾರವು 1980ರಲ್ಲಿ ವಿಶಾಲವಾದ ಹೊಸ ಉದ್ಯಾನಗಳನ್ನು ಘೋಷಿಸಿದಾಗ, ಸುತ್ತಣ ವಿರಳ ವಸತಿಗಳ ಜನರು ಅವುಗಳಲ್ಲಿ ಹಲವೆಡೆ ಜೀವನಾಧಾರದ ಬೇಟೆ ಮೀನುಗಾರಿಕೆಗಳನ್ನು ಮುಂದುವರಿಸಲು ಅದೇ ಶಾಸನದಲ್ಲಿ ಅವಕಾಶವಿತ್ತಿತು. ನಮ್ಮಲ್ಲಿ ಅಂಥ ಪ್ರಯತ್ನವಾದುದು 2006ರ ಅರಣ್ಯ ಹಕ್ಕು ಕಾಯಿದೆಯಿಂದ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯ ಹಕ್ಕುಗಳು ದೊರೆತುದು ಅದರ ಫಲ. ಮನ್ಯಸೀಮೆಯ ಇತಿಹಾಸದಿಂದ ನಾವು ಕಲಿಯಬೇಕಾದುದು ಇಷ್ಟು: ಜನರನ್ನು ಹೊರಗಿಟ್ಟು ಕಾಡನ್ನು ಕಾಯುವ ಪ್ರಯತ್ನವು ಅಲ್ಲಿ ಸಂಶಯವನ್ನೂ ರಕ್ತಪಾತವನ್ನೂ ತಂದಿತು. ಆದಕಾರಣ ಉದ್ಯಾನಗಳ ಎಲ್ಲೆಯನ್ನು ಗೊತ್ತುಮಾಡುವವರು ಮೊದಲು ಅಲ್ಲಿನ ಗ್ರಾಮಸಭೆಯ ಮಾತನ್ನು ಆಲಿಸುವುದು ನ್ಯಾಯವೂ ಹೌದು, ವಿವೇಕವೂ ಹೌದು.