ಗುಳಿಗಿ ನುಂಗಿದ್ರೂ ಏರದ ರಕ್ತ

ಗಾಂಧಿ ಚೌಕದ ಔಷಧಿ ಅಂಗಡಿಯಿಂದ ಕಬ್ಬಿಣಾಂಶದ ಗುಳಿಗಿ ತಂದು ತಂಗಿಗೆ ಮುಟ್ಟಿಸೋದು ಆ ವರ್ಷ ನನ್ನ ಪಾಲಿನ ಕೆಲಸವಾಗಿತ್ತು. ಅಕಿಗೆ ಮೊದಲ ಬಸಿರು. ಹಿಮೋಗ್ಲೋಬಿನ್ 8.6. ಬಸುರಿಗೆ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತ ಲೆಕ್ಕ. ಮೂರು ತಿಂಗಳು ಗುಳಿಗಿ ಆಯ್ತು, ಶೇಂಗಾ-ಬೆಲ್ಲ ಆಯ್ತು, ಖರ್ಜೂರ ಆಯ್ತು. ಅಂಕಿ ಮಾತ್ರ ಜಗ್ಗಲಿಲ್ಲ.

‘ಗುಳಿಗಿ ಹಿತ್ತಲಕ್ಕ ಒಗೀತಾಳ’ ಅಂತ ಅತ್ತೆಮನ್ಯಾಗ ಅಂದರು. ನಾನೂ ಬೈದೆ. ‘ಯಕ್ಕಾ, ಒಂದಿನಾನೂ ತಪ್ಪಿಸಿಲ್ಲ, ಆಣಿ ಮಾಡ್ತೀನಿ’ ಅಂತ ಅತ್ತಳು. ನಾನು ನಂಬಲಿಲ್ಲ. ಹೆರಿಗೆ ಹೆಂಗೋ ಪಾರಾಯ್ತು.

ಬಸುರಿಯ ರಕ್ತ ಯಾಕೆ ತೆಳುವಾಗತೈತಿ ಅಂತ ಕೂತು ಹುಡುಕಿದ ಒಬ್ಬ ಹೆಣ್ಣುಮಗಳ ಕಥೆ ನನಗೆ ಸಿಕ್ಕಿದ್ದು ಆಮೇಲೆ. ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್ 1928ರಲ್ಲಿ ಮುಂಬೈಗೆ ಬಂದರು. ಆಗ ನಮ್ಮ ಬಿಜಾಪುರ ಜಿಲ್ಲೆಯೂ ಮುಂಬೈ ಪ್ರಾಂತದಾಗೇ ಇತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಮುಂಬೈಯ ಬಟ್ಟೆ ಗಿರಣಿಗಳ ಬಡ ಬಸುರಿಯರಿಗೆ ಜೀವಕ್ಕೇ ಕುತ್ತಾಗುವಂಥ ರಕ್ತಹೀನತೆ ಬರುತ್ತಿತ್ತು. ಅವರ ಕೆಂಪು ಕಣಗಳು ಇರಬೇಕಾದ್ದಕ್ಕಿಂತ ದೊಡ್ಡವು. ವಿಲ್ಸ್ ಮೊದಲು ರೋಗಾಣು ಹುಡುಕಿದರು, ಸಿಗಲಿಲ್ಲ. ಆಮೇಲೆ ಅವರು ಏನು ಉಣ್ಣುತ್ತಾರೆ ಅಂತ ನೋಡಿದರು. ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ಸಾರ ತಿನ್ನಿಸಿದರೆ ಹೆಂಗಸರು ಚೇತರಿಸಿಕೊಳ್ಳುತ್ತಿದ್ದರು. 1931ರಲ್ಲಿ ಅದನ್ನು ಪ್ರಕಟಿಸಿದರು. 1941ರಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದ ಫೋಲಿಕ್ ಆಮ್ಲವೇ ಆ ಸಾರದಲ್ಲಿದ್ದ ಗುಟ್ಟು.

ಅಂದ್ರೆ ‘ರಕ್ತ ಕಮ್ಮಿ’ ಅನ್ನೋದು ಒಂದೇ ರೋಗ ಅಲ್ಲ. ಜ್ವರ ಇದ್ದಂಗ ಅದು, ಕಾರಣ ಹಲವು.

ವಿಲ್ಸ್ ಮುಂಬೈಗೆ ಬರುವ ಮೂರು ವರ್ಷ ಮೊದಲು, 1925ರಲ್ಲಿ, ಅಮೆರಿಕದ ಡೆಟ್ರಾಯಿಟ್‌ನ ಮಕ್ಕಳ ವೈದ್ಯ ಥಾಮಸ್ ಕೂಲಿ ಇನ್ನೊಂದು ಕಾರಣ ಗುರುತಿಸಿದ್ದರು. ಅದೇ ಥಲಸ್ಸೀಮಿಯಾ. ಗ್ರೀಕ್ ಮಾತಿನಲ್ಲಿ ಥಲಸ್ಸಾ ಅಂದ್ರೆ ಸಮುದ್ರ. ಮೊದಮೊದಲು ಕಂಡ ರೋಗಿಗಳು ಮೆಡಿಟರೇನಿಯನ್ ಸಮುದ್ರದ ಸುತ್ತಿನ ಜನರ ಮಕ್ಕಳು. ನಮ್ಮ ದೇಶದಾಗ ಇದು ಕೋಲ್ಕತ್ತದಲ್ಲಿ 1938ರಲ್ಲಿ ವರದಿಯಾಯಿತು. ಅಪ್ಪ-ಅವ್ವ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ ಮಗು ಜೀವನಪೂರ್ತಿ ರಕ್ತ ಹಾಕಿಸಿಕೊಳ್ಳಬೇಕಾಗುತ್ತದೆ. ಒಬ್ಬರಿಂದಷ್ಟೇ ಬಂದರೆ ‘ಮೈನರ್’: ಕಣಗಳು ಹುಟ್ಟಾ ಸಣ್ಣವು, ಹಿಮೋಗ್ಲೋಬಿನ್ ತುಸು ಕಡಿಮೆ, ಬೇರೆ ತ್ರಾಸಿಲ್ಲ. ಬಸಿರಾದಾಗ ರಕ್ತದ ನೀರಿನಂಶ ಹೆಚ್ಚುವುದರಿಂದ ಅಂಕಿ ಇನ್ನೂ ಇಳಿಯುತ್ತದೆ.

ನನ್ನ ತಂಗಿಯದೂ ಇದೇ. ತಿಳಿದದ್ದು ಎರಡನೇ ಬಸಿರಿನಾಗ. ಕಣ ಸಣ್ಣವಿದ್ದರೂ ಫೆರಿಟಿನ್, ಅಂದ್ರೆ ಮೈಯಾಗಿನ ಕಬ್ಬಿಣದ ದಾಸ್ತಾನು, ಬೇಕಾದಷ್ಟಿತ್ತು. ಅದನ್ನು ಕಂಡ ಡಾಕ್ಟರಮ್ಮ ಹಿಮೋಗ್ಲೋಬಿನ್ ಎ2 ಪರೀಕ್ಷೆ ಮಾಡಿಸಿದರು. ಅದು ಹೆಚ್ಚು ಬಂತು.

‘ನಿಮ್ಮ ತಂಗಿ ಸುಳ್ಳು ಹೇಳಿಲ್ರೀ. ಕಬ್ಬಿಣ ಕಮ್ಮಿ ಇದ್ರ ಗುಳಿಗಿಲೇ ಏರ್ತಿತ್ತು. ಇದು ಆ ಪೈಕಿ ಅಲ್ಲ’ ಅಂದರು.

ಕಬ್ಬಿಣ ನಿಲ್ಲಿಸಿದರು, ಬೇಡದ ಕಬ್ಬಿಣ ಮೈಯಾಗೇ ಕೂಡುತ್ತದೆ. ಫೆರಿಟಿನ್ ಕಡಿಮೆ ಇದ್ದವರಿಗೆ ಮೈನರ್ ಇದ್ದರೂ ಕಬ್ಬಿಣ ಬೇಕಾಗುತ್ತದೆ, ಹಂಗಾಗಿ ಪರೀಕ್ಷೆ ಇಲ್ಲದೆ ತಾವಾಗೇ ಗುಳಿಗಿ ಬಿಡೋದು ತಪ್ಪು. ತಂಗಿಗೆ ಬರೆದುಕೊಟ್ಟದ್ದು 5 ಮಿಲಿಗ್ರಾಂ ಫೋಲಿಕ್ ಆಮ್ಲ. ಇಂಥವರ ಕಣಗಳು ಬೇಗ ಒಡೆಯುತ್ತವೆ, ಹೊಸವು ಹೆಚ್ಚು ಹುಟ್ಟಬೇಕು, ಅದಕ್ಕೆ ಫೋಲಿಕ್ ಆಮ್ಲ ಹೆಚ್ಚು ಬೇಕು. ಮುಂಬೈಯ ಗಿರಣಿ ಹೆಂಗಸರಿಂದ ವಿಲ್ಸ್ ಕಲಿತದ್ದು ವಿಜಯಪುರದ ನನ್ನ ತಂಗಿಗೂ ಬಂತು.

ಆಮೇಲೆ ಅಕಿಯ ಗಂಡನ ರಕ್ತವನ್ನೂ ಕೇಳಿದರು. ‘ನನಗ್ಯಾಕ್ರೀ?’ ಅಂದ. ಇಬ್ಬರೂ ಮೈನರ್ ಇದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ದೊಡ್ಡ ರೋಗ ಬರುವ ಸಂಭವ. ವರದಿ ಬರುವ ತನಕ ಮನ್ಯಾಗ ಯಾರಿಗೂ ನಿದ್ದಿ ಇಲ್ಲ. ಅವನದು ಸರಿ ಇತ್ತು.

ಹೆರಿಗೆ ಹೊತ್ತಿಗೆ ಅಕಿಯ ಅಂಕಿ 9ರ ಆಸುಪಾಸು. ತಾಯಿ-ಮಗು ಆರಾಮ.

ಈಗ ಗಾಂಧಿ ಚೌಕದ ಅಂಗಡಿಯಾಗ ಯಾರಾದರೂ ‘ಸೊಸಿ ಗುಳಿಗಿ ನುಂಗವಲ್ಲಳು’ ಅಂತ ದೂರಿದರೆ ನಾನು ಸುಮ್ಮನಿರೋದಿಲ್ಲ. ‘ಮೊದಲು ಅಕಿ ಮಾತು ನಂಬ್ರಿ, ಆಮ್ಯಾಲೆ ರಕ್ತ ತಪಾಸ್ರಿ, ಮಗಂದೂ ತಪಾಸ್ರಿ’ ಅಂತೀನಿ. ತಂಗಿಗೆ ಆಡಿದ ಮಾತು ವಾಪಸ್ ತಗೊಳ್ಳಾಕ ಬರೋದಿಲ್ಲ. ಇಷ್ಟಾದ್ರೂ ಮಾಡ್ತೀನಿ.