ತೊಡೆ ಮೇಲೆ ಕೂಪ ಪ್ರಯಾಣಿಕ

ಭಟ್ಕಳದವು ಗಲ್ಫಿಗೆ ಹೋಪಲೆ ಶುರು ಮಾಡಿ ತಲೆಮಾರೇ ಕಳ್ದು ಹೋತು. ಈಗ ನಮ್ಮ ಕಾಯ್ಕಿಣಿ, ಶಿರಾಲಿ ಬದಿಯ ಮನೆ ಮಕ್ಕಳೂ ದುಬೈ, ಅಮೆರಿಕ ಹೇಳಿ ಹೋಗಿ ಕೂತಿದ್ದ. ಹಂಗಾಗಿ ಮೊಮ್ಮಕ್ಕ ನಡೆವಲೆ ಕಲಿವ ಮೊದ್ಲೇ ವಿಮಾನ ಹತ್ತಿ ಆಗಿರ್ತು. ಹೊರಡ ದಿನ ಬಿಸಿನೀರು, ಬಟ್ಟೆ, ರಾಗಿ ಸರಿ ಎಲ್ಲದ್ರ ಬಗ್ಗೆ ಮಾತಾಗ್ತು. ಶಿಶುನ ವಿಮಾನದಲ್ಲಿ ಹೆಂಗೆ ಕಟ್ಟಿ ಕೂರ್ಸವು ಹೇಳಿ ಕೇಳದು ಮಾತ್ರ ಕಡಿಮೆ.

ಕಟ್ಟದು ಹೇಳಿರೆ ಕೆಲವರಿಗೆ ಕಸಿವಿಸಿ. ಆದ್ರೆ ಹಿಂದಿನ ಅಜ್ಜಿಯಂದ್ರು ಅಂಬೆಗಾಲಿಕ್ಕ ಶಿಶುನ ಹಳೆ ಸೀರೆ ತುಂಡಲ್ಲಿ ಜಗಲಿ ಕಂಬಕ್ಕೆ ಕಟ್ಟಿಕ್ಕಿ ನೀರು ಸೇದಲೆ ಹೋಗ್ತಿದ್ರು. ಪ್ರೀತಿ ಕಡಿಮೆ ಆಗಿ ಅಲ್ಲ. ಒಂದು ಬದಿಗೆ ಬಾವಿ, ಇನ್ನೊಂದು ಬದಿಗೆ ಒಲೆ. ತಮ್ಮ ಎರಡು ಕೈ ಎಲ್ಲ ಕಡೆಗೂ ಮುಟ್ತಿಲ್ಲೆ ಹೇಳಿ ಅವಕ್ಕೆ ಗೊತ್ತಿತ್ತು.

ವಿಮಾನದ ಕಾನೂನು ಇನ್ನೂ ಕೈಯನ್ನೇ ನಂಬ್ಕಂಡು ಇದ್ದು. ಎರಡು ವರ್ಷ ತುಂಬದ ಶಿಶುಗೆ ಬೇರೆ ಸೀಟು ಬೇಡ, ಅಬ್ಬೆಯ ತೊಡೆ ಸಾಕು. ಎರಡು ವರ್ಷ ಆದ ಮೇಲೆ ಸೀಟು ತಗಳ್ಳಲೇ ಬೇಕು. ಬಸ್ಸಲ್ಲಿ ಕೂತು ರೂಢಿಯಾದ ನಮಗೆ ಇದು ಸಹಜ ಹೇಳೇ ಕಾಣ್ತು. ಲೆಕ್ಕ ಹಾಕಿ ನೋಡಿ: ಹಳೆ ವಿಮಾನದ ಸೀಟು ಭೂಮಿಯ ಸೆಳೆತದ 9 ಪಟ್ಟು ಹೊಡೆತ ತಡ್ಕಳವು ಹೇಳಿ ನಿಯಮ ಇತ್ತು, 1988ರಲ್ಲಿ ಅಮೆರಿಕ ಹೊಸ ಮಾದರಿ ವಿಮಾನಕ್ಕೆ ಅದನ್ನ 16 ಪಟ್ಟು ಮಾಡ್ತು. ಆ ಹೊಡೆತಕ್ಕೆ 10 ಕಿಲೋ ಶಿಶು 160 ಕಿಲೋ ಭಾರ ಆಗಿ ಮುಂದೆ ಹಾರ್ತು. ಮೂರು ಅಕ್ಕಿ ಮೂಟೆ! ಯಾವ ಅಬ್ಬೆಯ ಕೈ ಹಿಡಿತು?

ಇದು ಬರೀ ಲೆಕ್ಕ ಅಲ್ಲ. 1989ರ ಜುಲೈ 19ಕ್ಕೆ ಡೆನ್ವರಿಂದ ಶಿಕಾಗೋಗೆ ಹೊರಟ ಯುನೈಟೆಡ್ 232 ವಿಮಾನದ ಹಿಂದಿನ ಎಂಜಿನ್ ಒಡೆದು, ನಿಯಂತ್ರಣ ತಪ್ಪಿ, ಸೂ ಸಿಟಿಲಿ ನೆಲಕ್ಕೆ ಬಡಿತು. 296 ಜನರಲ್ಲಿ 184 ಜನ ಉಳಿದ್ರು. ತೊಡೆ ಮೇಲೆ ಬಂದ ಮಕ್ಕ ನಾಲ್ಕು. ಅವನ್ನ ಕಾಲಬುಡಕ್ಕೆ ನೆಲದ ಮೇಲೆ ಇಟ್ಟು ಒತ್ತಿ ಹಿಡ್ಕಳಿ ಹೇಳಿ ಪರಿಚಾರಕಿಯರ ಮುಖ್ಯಸ್ಥೆ ಜಾನ್ ಬ್ರೌನ್ ಹೇಳಿದ್ರು. ಆಗಿನ ಕ್ರಮವೇ ಅದು. ಮೂರು ಮಕ್ಕ ಬದುಕ್ದೊ. ಅದ್ರಲ್ಲಿ ಒಂದರ ಅಳು ಕೇಳಿ, ಒಬ್ಬ ಪ್ರಯಾಣಿಕ ಎತ್ತಿ ತಂದ. ನಾಲ್ಕನೇ ಮಾಣಿ, ಎರಡು ವರ್ಷ ತುಂಬಿತ್ತಿಲ್ಲೆ, ಅಬ್ಬೆಯ ಕೈ ತಪ್ಪಿ ಹೋತು. ಹೊಗೆಗೆ ಉಸಿರು ಕಟ್ಟಿ ಸತ್ತು ಹೋತು.

ಜಾನ್ ಬ್ರೌನ್ ಅದನ್ನ ಮರೆತಿದ್ದಿಲ್ಲೆ. ಪ್ರತಿ ಶಿಶುಗೂ ಸೀಟು, ಪಟ್ಟಿ ಬೇಕು ಹೇಳಿ ವರ್ಷಗಟ್ಟಲೆ ಓಡಾಡಿದ್ರು. ಅಪಘಾತ ತನಿಖೆ ಮಾಡ ಅಲ್ಲಿನ ಮಂಡಳಿ 1990ರಲ್ಲಿ ಅದನ್ನೇ ಶಿಫಾರಸು ಮಾಡ್ತು. ವಿಮಾನಯಾನ ಇಲಾಖೆ ಒಪ್ಪಿದ್ದಿಲ್ಲೆ. ಅದರ ವಾದ ಹೀಂಗೆ: ಶಿಶುಗೂ ಟಿಕೇಟು ತಗಳಿ ಹೇಳಿರೆ ಕೆಲವು ಕುಟುಂಬ ಖರ್ಚಿಗೆ ಹೆದರಿ ಕಾರಲ್ಲಿ ಹೋಗ್ತು, ರಸ್ತೆ ವಿಮಾನಕ್ಕಿಂತ ಅಪಾಯ, ಒಟ್ಟಲ್ಲಿ ಸಾವು ಹೆಚ್ಚಾಗ್ತು. 2005ರಲ್ಲಿ ನಿಯಮ ಮಾಡ ಪ್ರಯತ್ನವನ್ನೇ ಕೈಬಿಟ್ಟೊ.

ಆ ವಾದ ಸುಳ್ಳಲ್ಲ, ಆದ್ರೆ ಅದು ಸರ್ಕಾರದ ಲೆಕ್ಕ. ಮನೆಯ ಲೆಕ್ಕ ಬೇರೆ. ಕಾಯ್ಕಿಣಿಂದ ದುಬೈಗೆ ಕಾರಲ್ಲಿ ಹೋಪವು ಯಾರೂ ಇಲ್ಲೆ. ವಿಮಾನದ ಟಿಕೇಟು ಮಾಡಾದ ಮೇಲೆ ಉಳಿವ ಪ್ರಶ್ನೆ ಒಂದೇ: ತೊಡೆಯೋ, ಸೀಟೋ? ಕಾನೂನು ಬೇಡ ಹೇಳಿದ್ದು ಅಪಾಯ ಇಲ್ಲೆ ಹೇಳಿ ಅಲ್ಲ.

ಬೇರೆ ದಾರಿ ಹುಡ್ಕಿದ್ದು ಒಬ್ಬ ಅಜ್ಜಿ. ಅಮೆರಿಕದ ಸಾರಿಗೆ ಇಲಾಖೆಲಿ ದೊಡ್ಡ ಹುದ್ದೆಲಿ ಇದ್ದ ಲೂಯಿಸ್ ಸ್ಟೋಲ್, ಮೊಮ್ಮಗಳಿಗೆ ಹೇಳಿ ಸೀಟಿನ ಬೆನ್ನಿಗೆ ಸುತ್ತಿ ಹೆಗಲಿಗೆ ಹಾಕ ಪಟ್ಟಿ ಮಾಡ್ಸಿದ್ರು. ಹೆಸರು ಕೇರ್ಸ್, ಅರ್ಧ ಕಿಲೋ ಆಸುಪಾಸು ತೂಕ. 2006ರಲ್ಲಿ ಒಪ್ಪಿಗೆ ಸಿಕ್ತು. 10ರಿಂದ 20 ಕಿಲೋ ತೂಗ, ಒಂದು ಮೀಟರ್ ಎತ್ತರದ ಒಳಗಿನ, ತಾನೇ ನೆಟ್ಟಗೆ ಕೂಪ ಮಕ್ಕಗೆ ಅದು. ಬೇರೆ ಸೀಟು ಇದ್ರೆ ಮಾತ್ರ ಉಪಯೋಗ.

ನಮ್ಮ ದೇಶದ ರಸ್ತೆಗೆ ಈ ಬುದ್ಧಿ 2019ರಲ್ಲಿ ಬಂತು: ಮೋಟಾರು ಕಾಯ್ದೆಯ 194ಬಿ ಕಲಮಿನ ಪ್ರಕಾರ 14 ವರ್ಷದ ಒಳಗಿನ ಮಕ್ಕಗೆ ಪಟ್ಟಿ ಅಥವಾ ಮಕ್ಕಳ ಸೀಟು ಇಲ್ಲದ್ರೆ 1000 ರೂಪಾಯಿ ದಂಡ. ಮಂಗಳೂರು ವಿಮಾನ ನಿಲ್ದಾಣದವರೆಗೆ ಕಾರಲ್ಲಿ ಕಟ್ಟಿ ತಂದ ಶಿಶುನ ವಿಮಾನದ ಒಳಗೆ ಬಿಚ್ಚಿ ತೊಡೆ ಮೇಲೆ ಇಟ್ಗಳದು ವಿಚಿತ್ರ ಅಲ್ದಾ?

ಕೈಲಾದ್ರೆ ಶಿಶುಗೆ ಸೀಟು ತಗಳಿ. ಕಾರಿನ ಸೀಟಿನ ಮೇಲೆ ವಿಮಾನಕ್ಕೂ ಆಗ್ತು ಹೇಳಿ ಬರೆದಿದ್ದಾ ನೋಡಿ, ಟಿಕೇಟು ಮಾಡಕಾರೇ ಕಂಪನಿಗೆ ಕೇಳಿ. ಆಗದಿದ್ರೆ ಪರಿಚಾರಕಿ ಕೊಡ ಸಣ್ಣ ಪಟ್ಟಿ ಕೇಳಿ ಹಾಕ್ಸ್ಕಳಿ. ದೊಡ್ಡವರ ಪಟ್ಟಿ ದೊಡ್ಡವರಿಗೆ. ಅದ್ರಲ್ಲಿ ಪೋಣಿಸಿದ ಸಣ್ಣ ಪಟ್ಟಿ ಶಿಶುಗೆ. ಒಂದೇ ಪಟ್ಟಿ ಇಬ್ಬರಿಗೂ ಸುತ್ತಲೇ ಬಾರದು, ಹೊಡೆತ ಬಿದ್ರೆ ಅಬ್ಬೆಯ ಮೈಭಾರವೇ ಶಿಶುನ ಅಪ್ಪಚ್ಚಿ ಮಾಡ್ತು. ಸಣ್ಣ ಪಟ್ಟಿಯೂ ಸೀಟಿನಷ್ಟು ಗಟ್ಟಿ ಅಲ್ಲ, ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆಯೇ ಇಲ್ಲೆ. ಆದ್ರೂ ಗಾಳಿಗೆ ವಿಮಾನ ಕುಲುಕಿದಾಗ ಬರೀ ಕೈಗಿಂತ ಮೇಲು. ಶಿಶು ನಿದ್ದೆ ಮಾಡಿದ್ದು, ಎಬ್ಬಿಸಕಾಗ್ತು ಹೇಳಿ ಬಿಚ್ಚಿಟ್ಗಂಡು ಕೂರಡಿ.