ರಸ್ತೆಯ ಅಳತೆಗೆ ಕಟ್ಟಿದ ಹಾಯಿದೋಣಿ

ಸ್ಕಾಟ್ಲೆಂಡ್ ಮೂಲದ ವಕೀಲ ಜಾನ್ ಮೆಕ್‌ಗ್ರೆಗರ್ 1865ರಲ್ಲಿ ಯುರೋಪಿನ ನದಿ, ಸರೋವರಗಳನ್ನು ಸುತ್ತಲೆಂದು ‘ರಾಬ್ ರಾಯ್’ ಎಂಬ ಸಣ್ಣ ದೋಣಿ ಕಟ್ಟಿಸಿಕೊಂಡ. ಓಕ್ ಮರದ ಒಡಲು, ಮೇಲೆ ಸೀಡರ್ ಹಲಗೆ, ಒಂದು ಹುಟ್ಟು, ಒಂದು ಪುಟ್ಟ ಹಾಯಿ. ಉದ್ದ 15 ಅಡಿ. ಆ 15 ಅಡಿಯನ್ನು ಗೊತ್ತು ಮಾಡಿದ್ದು ನದಿಯಲ್ಲ, ಜರ್ಮನಿಯ ರೈಲು ವ್ಯಾಗನ್. ದೋಣಿ ಅದರೊಳಗೆ ಹಿಡಿಸಬೇಕಿತ್ತು. ನೂರು ವರ್ಷದ ಮೇಲೆ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಕಾರಿನ ಹಿಂದೆ ಟ್ರೇಲರ್ ಮೇಲೆ ಹೊರಟ ಸಾವಿರಾರು ಹಾಯಿದೋಣಿಗಳ ಕಥೆಯೂ ಇದೇ ಜಾಡಿನದು. ಅವುಗಳ ಇತಿಹಾಸವನ್ನು ಸಾಮಾನ್ಯವಾಗಿ ಗಾಳಿ, ಅಲೆ, ಫೈಬರ್‌ಗ್ಲಾಸ್‌ಗಳ ಕಥೆಯಾಗಿ ಹೇಳುತ್ತಾರೆ. ನನಗೆ ಅದು ಅರ್ಧ ಕಥೆ ಅನಿಸುತ್ತದೆ. ಈ ದೋಣಿಗಳ ಆಕಾರವನ್ನು ಗೀಚಿದ ಮುಖ್ಯ ಕೈ ರಸ್ತೆಯದು. ತೇರು ಕಟ್ಟುವ ಆಚಾರಿ ದೇವರ ಜೊತೆಗೆ ರಥಬೀದಿಯ ಅಗಲವನ್ನೂ ಮನಸ್ಸಿನಲ್ಲಿಟ್ಟುಕೊಳ್ಳಲೇಬೇಕಲ್ಲ, ಹಾಗೆ.

ಮೊದಲು ಬ್ರಿಟನ್ನಿನ ಮಿರರ್ ದೋಣಿಯನ್ನು ನೋಡೋಣ. ‘ಡೈಲಿ ಮಿರರ್’ ಪತ್ರಿಕೆಯ ಬೆಂಬಲದಿಂದ, ಜ್ಯಾಕ್ ಹೋಲ್ಟ್ ಮತ್ತು ಟಿವಿಯಲ್ಲಿ ಮನೆಗೆಲಸದ ಕಸುಬು ಕಲಿಸುತ್ತಿದ್ದ ಬ್ಯಾರಿ ಬಕ್ನೆಲ್ ರೂಪಿಸಿದ ಈ 11 ಅಡಿಯೊಳಗಿನ ಪ್ಲೈವುಡ್ ದೋಣಿ 1960ರ ದಶಕದ ಆರಂಭದಲ್ಲಿ ಬಂತು. ಅದರ ಹಾಯಿಗಳು ಕೆಂಪು. ಎಲ್ಲರ ಕಣ್ಣು ಅಲ್ಲಿಗೇ ಹೋಗುತ್ತದೆ. ನೋಡಬೇಕಾದದ್ದು ಹಾಯಿಕಂಬ. ಅದು ಒಂದೇ ಉದ್ದನೆಯ ಕಂಬವಲ್ಲ. ಗಿಡ್ಡ ಕಂಬವೊಂದು, ಅದರ ಮೇಲಕ್ಕೆ ಹಗ್ಗದಲ್ಲಿ ಎಳೆದು ನಿಲ್ಲಿಸುವ ಇನ್ನೊಂದು ಗಳು. ಆ ಕಾಲಕ್ಕೆ ಇದು ಹಳೆಯ ಪದ್ಧತಿ, ರೇಸಿನವರು ಬಿಟ್ಟುಬಿಟ್ಟಿದ್ದದ್ದು. ಆದರೂ ಮತ್ತೆ ಬಂತು, ಏಕೆಂದರೆ ಹೀಗೆ ಮಾಡಿದರೆ ಕಂಬ, ಗಳು ಎಲ್ಲವೂ ದೋಣಿಯ ಉದ್ದದೊಳಗೇ ಅಡಗುತ್ತವೆ, ಕಾರಿನ ಚಾವಣಿಯ ಮೇಲೆ ಕಟ್ಟಿಕೊಂಡು ಹೋಗಬಹುದು. ನ್ಯೂಜಿಲೆಂಡಿನ ರಿಚರ್ಡ್ ಹಾರ್ಟ್ಲಿ ಅದಕ್ಕೂ ಮುಂಚೆ, 1950ರ ದಶಕದಲ್ಲೇ, 16 ಅಡಿಯ ಪ್ಲೈವುಡ್ ದೋಣಿಯ ನಕ್ಷೆಗಳನ್ನು ಮಾರುತ್ತಿದ್ದ. ಅದರಲ್ಲಿ ಮಲಗಲು ಪುಟ್ಟ ಕೋಣೆಯೂ ಇತ್ತು. ಮನೆಯ ಹಿತ್ತಲಲ್ಲಿ ಕಟ್ಟಿ, ಟ್ರೇಲರ್‌ಗೇರಿಸಿ ಎಳೆದೊಯ್ಯುವುದೇ ಅದರ ಉದ್ದೇಶ.

ಅಮೆರಿಕದಲ್ಲಿ ರಸ್ತೆಯ ಹಿಡಿತ ಇನ್ನೂ ಸ್ಪಷ್ಟ. 1956ರ ಹೆದ್ದಾರಿ ಕಾಯಿದೆ ದೇಶದುದ್ದಕ್ಕೂ ಅಂತರರಾಜ್ಯ ರಸ್ತೆಗಳಿಗೆ ಹಣ ಕೊಟ್ಟಿತು, ಜೊತೆಗೆ ಅವುಗಳ ಮೇಲೆ ಓಡುವ ವಾಹನದ ಅಗಲಕ್ಕೆ 96 ಇಂಚು, ಅಂದರೆ 8 ಅಡಿಯ ಮಿತಿಯನ್ನೂ ಹಾಕಿತು. ಅದಕ್ಕಿಂತ ಅಗಲವಾದ ದೋಣಿ ಎಳೆಯಬೇಕಾದರೆ ವಿಶೇಷ ಪರವಾನಗಿ ಬೇಕಿತ್ತು. ಶನಿವಾರ ಬೆಳಿಗ್ಗೆ ಹೊರಟು ಭಾನುವಾರ ಮರಳುವವನಿಗೆ ಅದು ಆಗದ ಮಾತಾಗಿತ್ತು. ಕ್ಯಾಲಿಫೋರ್ನಿಯಾದ ಫ್ರಾಂಕ್ ಬಟ್ಲರ್ 1969ರಲ್ಲಿ ತಂದ ಕ್ಯಾಟಲಿನಾ 22 ದೋಣಿಯ ಅಗಲ 7 ಅಡಿ 8 ಇಂಚು. 15,000ಕ್ಕೂ ಹೆಚ್ಚು ಕಟ್ಟಲಾದ ಈ ದೋಣಿಗೆ 8 ಅಡಿಯೊಳಗೇ ಅಡುಗೆಯ ಕಟ್ಟೆ, ಮಲಗುವ ಹಲಗೆಗಳು, ಶೌಚದ ವ್ಯವಸ್ಥೆ ಎಲ್ಲವನ್ನೂ ತುರುಕಬೇಕಾಯಿತು. 1982ರಲ್ಲಿ ಹೊಸ ಸಾರಿಗೆ ಕಾಯಿದೆ ಲಾರಿ, ಬಸ್ಸುಗಳ ಮಿತಿಯನ್ನು 102 ಇಂಚಿಗೆ ಏರಿಸಿತು. ದೋಣಿಯ ಟ್ರೇಲರ್‌ಗಳ ವಿಷಯದಲ್ಲಿ ಹೆಚ್ಚಿನ ರಾಜ್ಯಗಳು ಕ್ರಮೇಣ ಅದೇ ಅಳತೆಗೆ ಬಂದವು. ಕ್ಯಾಟಲಿನಾ 22ರ 1995ರ ಆವೃತ್ತಿಯಲ್ಲಿ ನೀರಿನ ಕೆಳಗಿನ ಆಕಾರ ಹಾಗೇ ಉಳಿಯಿತು, ಮೇಲ್ಭಾಗ ಮಾತ್ರ ಹೊರಚಾಚಿ 8 ಅಡಿ ದಾಟಿತು. ಅದೇ ಕೊಳ, ಅದೇ ಗಾಳಿ. ನಡುವೆ ಬದಲಾದದ್ದು ಕಾನೂನು.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ. ಈ ದೋಣಿಗಳ ಮುಖ್ಯ ಲಕ್ಷಣ ಮೇಲೆತ್ತಬಹುದಾದ ಕೀಲ್. ಗಾಳಿಯ ಒತ್ತಡಕ್ಕೆ ದೋಣಿ ಪಕ್ಕಕ್ಕೆ ಜಾರದಂತೆ ನೀರಿನೊಳಗೆ ಇಳಿಯುವ ಈ ಹಲಗೆಯನ್ನು ಎತ್ತಿ ಇಳಿಸುವ ಉಪಾಯ ಕಾರಿಗಿಂತ ಬಹಳ ಹಳೆಯದು: ಅಮೆರಿಕದಲ್ಲಿ 1811ರಲ್ಲೇ ಅದಕ್ಕೆ ಪೇಟೆಂಟ್ ಸಿಕ್ಕಿತ್ತು, ಆಳವಿಲ್ಲದ ಅಳಿವೆಗಳಲ್ಲಿ ದೋಣಿ ತಳ ಹತ್ತದಿರಲೆಂದು ಅದನ್ನು ಬಳಸುತ್ತಿದ್ದರು. ನಿಜ, ಆ ಉಪಾಯ ನೀರಿನದೇ. ಆದರೆ ತೂಕದ ಲೆಕ್ಕ ಬೇರೆ. ಮೊದಲಿನ ಎತ್ತುಹಲಗೆ ಬಹುಮಟ್ಟಿಗೆ ಹಗುರವಾದದ್ದು, ದೋಣಿ ಮಗುಚದಂತೆ ಹಿಡಿಯುವ ಭಾರ ಒಡಲಿನಲ್ಲೇ ಇರುತ್ತಿತ್ತು. ಕ್ಯಾಟಲಿನಾದಲ್ಲಿ ಆ ಭಾರವೇ ಎತ್ತುಹಲಗೆಯಾಯಿತು. ಸುಮಾರು 250 ಕಿಲೋ ಎರಕದ ಕಬ್ಬಿಣ, ತಂತಿ ಮತ್ತು ರಾಟೆಯಿಂದ ಮೇಲೆಳೆಯುವಂಥದ್ದು. ಇಳಿಸಿದಾಗ 5 ಅಡಿ ಆಳಕ್ಕೆ ಹೋಗುವ ದೋಣಿ, ಎತ್ತಿದಾಗ ಸುಮಾರು 2 ಅಡಿ ನೀರಿದ್ದರೆ ತೇಲುತ್ತದೆ. ಟ್ರೇಲರ್ ಮೇಲೆ ತಗ್ಗಾಗಿ ಕೂರಬೇಕು, ಇಳಿಜಾರಿನಲ್ಲಿ ಕಾರಿನ ಹಿಂಚಕ್ರ ಮುಳುಗುವ ಮೊದಲೇ ತೇಲಬೇಕು ಎಂಬ ಎರಡು ಒತ್ತಾಯಗಳಿಗೆ ಕೊಟ್ಟ ಉತ್ತರ ಇದು.

ಇನ್ನೊಂದು ಉತ್ತರ ರೋಜರ್ ಮೆಕ್‌ಗ್ರೆಗರನದು (ಹೆಸರು ಕಾಕತಾಳೀಯ). ಸ್ಟ್ಯಾನ್‌ಫರ್ಡ್‌ನಲ್ಲಿ ವ್ಯಾಪಾರ ಆಡಳಿತ ಓದುವಾಗಿನ ಯೋಜನೆಯೊಂದರಿಂದ ಹುಟ್ಟಿದ ಅವನ ಕಂಪನಿ 1960ರ ದಶಕದಿಂದ 2013ರವರೆಗೆ ದೋಣಿಗಳನ್ನು ಕಟ್ಟಿತು. 1980ರ ದಶಕದ ಅವನ 26 ಅಡಿಯ ದೋಣಿಯಲ್ಲಿ ಕಬ್ಬಿಣದ ಭಾರವೇ ಇಲ್ಲ. ದೋಣಿ ನೀರಿಗಿಳಿದ ಮೇಲೆ ಕವಾಟ ತೆರೆದರೆ ತಳದ ತೊಟ್ಟಿಗೆ ಸುಮಾರು 1,200 ಪೌಂಡ್ ನೀರು ತುಂಬುತ್ತದೆ. ಮರಳಿ ದಡಕ್ಕೆಳೆದಾಗ ಅದು ಸುರಿದುಹೋಗುತ್ತದೆ. 1973ರ ತೈಲ ಬಿಕ್ಕಟ್ಟಿನ ಮೇಲೆ ಅಮೆರಿಕದ ಕಾರುಗಳು ಕುಗ್ಗಿದ್ದವು, ಎಳೆಯುವ ಕಸುವೂ ತಗ್ಗಿತ್ತು. ಭಾರವನ್ನು ಕೆರೆಯಲ್ಲೇ ಬಿಟ್ಟುಬರುವ ಈ ದೋಣಿಯಲ್ಲಿ ಆ ಸಣ್ಣ ಕಾರಿನ ನೆರಳನ್ನು ಕಾಣುವುದು ತಪ್ಪಾಗಲಾರದು. ಹಳೆಯ ನಾವಿಕರು ಮೂಗು ಮುರಿದರು. ದೋಣಿ ಮಾತ್ರ ಚೆನ್ನಾಗಿ ಮಾರಾಟವಾಯಿತು.

ಸಲಕರಣೆಯೂ ಇದೇ ದಾರಿ ಹಿಡಿಯಿತು. ಹಾಯಿಕಂಬ ತಳದವರೆಗೆ ಇಳಿಯದೆ ಮೇಲ್ಹಲಗೆಯ ತಿರುಗಣಿಯ ಮೇಲೆ ನಿಂತಿತು, ಇಬ್ಬರು ಎತ್ತಿ ನಿಲ್ಲಿಸುವಷ್ಟು ಹಗುರವಾಯಿತು. ಅದರಿಂದ ಕಡಲು ಕಾಣದ ಅಪಾಯವೊಂದು ಹುಟ್ಟಿತು: ಕಂಬ ನಿಲ್ಲಿಸಿದ ಮೇಲೆ ದೋಣಿಯನ್ನು ನೀರಿನತ್ತ ಎಳೆಯುವಾಗ ವಿದ್ಯುತ್ ತಂತಿಗೆ ತಗುಲುವುದು. ಟ್ರೇಲರಿನ ಗಾಲಿಗಳದ್ದು ಇನ್ನೊಂದು ಸಂಕಟ. ದೂರ ಓಡಿ ಕಾದ ಗಾಲಿಯ ಗುಂಬ ತಣ್ಣೀರಿಗೆ ಮುಳುಗಿದೊಡನೆ ಒಳಗಿನ ಗಾಳಿ ಕುಗ್ಗಿ ನೀರನ್ನು ಹೀರುತ್ತದೆ, ಬೇರಿಂಗ್ ತುಕ್ಕು ಹಿಡಿಯುತ್ತದೆ. ಸ್ಪ್ರಿಂಗ್ ಒತ್ತಡದಲ್ಲಿ ಗ್ರೀಸನ್ನು ಸದಾ ತುಂಬಿಟ್ಟಿರುವ ಮುಚ್ಚಳ ಬಂದದ್ದು ಇದಕ್ಕಾಗಿ. ನೀರಿಗಿಳಿಯುವ ಟ್ರೇಲರಿಗೆ ವಿದ್ಯುತ್ ಬ್ರೇಕಿಗಿಂತ, ಕಾರು ನಿಧಾನಿಸಿದಾಗ ಟ್ರೇಲರಿನ ತಳ್ಳುವಿಕೆಯಿಂದಲೇ ಹಿಡಿಯುವ ಹೈಡ್ರಾಲಿಕ್ ಬ್ರೇಕ್ ಹೆಚ್ಚು ಒಗ್ಗಿತು.

ಫೈಬರ್‌ಗ್ಲಾಸ್ ಇಲ್ಲದಿದ್ದರೆ ಇದೆಲ್ಲ ಎಲ್ಲಿಯ ಮಾತು ಎನ್ನುವವರಿದ್ದಾರೆ. ಹಲಗೆ ಜೋಡಿಸಿದ ದೋಣಿ ಒಣಗಿದರೆ ಸಂದು ಬಿಡುತ್ತದೆ, ವಾರಗಟ್ಟಲೆ ಟ್ರೇಲರ್ ಮೇಲೆ ಇಡುವುದು ಕಷ್ಟ, ಅಷ್ಟನ್ನು ಒಪ್ಪಬೇಕು. ಆದರೆ 28 ಅಡಿಯ ಪಿಯರ್ಸನ್ ಟ್ರೈಟನ್ 1959ರಲ್ಲಿ ಫೈಬರ್‌ಗ್ಲಾಸಿನಲ್ಲೇ ಬಂತು, ಕೀಲ್ ಅಲುಗದ, ಬಂದರಿನಲ್ಲೇ ವಾಸಿಸುವ ದೋಣಿಯಾಗಿ. ಹಾರ್ಟ್ಲಿಯದೂ ಮಿರರ್‌ನದೂ ಪ್ಲೈವುಡ್. ಅಂದಮೇಲೆ ವಸ್ತು ದಾರಿ ತೆರೆಯಿತೇ ಹೊರತು ಆಕಾರ ಕೊಡಲಿಲ್ಲ. ಟ್ರೇಲರ್ ದೋಣಿಗಳಲ್ಲಿ ಎಷ್ಟೋ ದಡಕ್ಕೆ ಕಟ್ಟಿಯೇ ಇರುತ್ತವಲ್ಲ ಎಂಬ ಮಾತೂ ನಿಜ. ಹಾಗೆ ಕಟ್ಟಿದ್ದರೂ ಅವುಗಳ ಅಗಲ ರಸ್ತೆಯ ಮಿತಿಯೊಳಗಿನದೇ. ಎಳೆಯದ ದೋಣಿಯ ಮೈಯಲ್ಲೂ ರಸ್ತೆಯಿದೆ.

ಕೊನೆಗೆ, ಈ ದೋಣಿಗಳು ಇಳಿದ ನೀರು ಎಲ್ಲಿಂದ ಬಂತು ಎಂಬುದನ್ನೂ ಕೇಳಬೇಕು. ಅರಿಜೋನಾಕ್ಕೆ ಕಡಲಿಲ್ಲ. 1930ರ ದಶಕದ ಹೂವರ್ ಅಣೆಕಟ್ಟು ಮೀಡ್ ಸರೋವರವನ್ನೂ, 1963ರಿಂದ ನೀರು ನಿಲ್ಲಿಸಿದ ಗ್ಲೆನ್ ಕ್ಯಾನ್ಯನ್ ಅಣೆಕಟ್ಟು ಪಾವೆಲ್ ಸರೋವರವನ್ನೂ ಕೊಟ್ಟವು, ಮರುಭೂಮಿಯ ನಡುವೆ. ಟ್ರೇಲರ್ ಹಾಯಿದೋಣಿಯನ್ನು ನೌಕಾಚರಿತ್ರೆಯ ಕೊನೆಯ ಪುಟದಲ್ಲಿ ಸೇರಿಸುವ ರೂಢಿ ಸರಿಯಲ್ಲ. ಅದರ ಜಾಗ ಹೆದ್ದಾರಿ ಮತ್ತು ಅಣೆಕಟ್ಟುಗಳ ಚರಿತ್ರೆಯಲ್ಲಿದೆ.